ಹೆಲ್ಮೆಟ್ಟಿನ ನಡುಗೆರೆ

ಟೊಲಿಡೊ, ಒಹಾಯೊ
ಸೋಮವಾರ, ಅಕ್ಟೋಬರ್ 31, 2016

ಪ್ರೀತಿಯ ಲೂಮಿರ್ ಅಣ್ಣನಿಗೆ,

ಈ ಪತ್ರದಲ್ಲಿ ಒಂದು ಮಾತನ್ನು ಬರೆಯದೆ ಬಿಡಬೇಕೆಂದು ಬೆಳಗಿನಿಂದ ಎರಡು ಸಲ ತೀರ್ಮಾನಿಸಿದ್ದೆ. ಬಿಟ್ಟಿದ್ದರೆ ಉಳಿದದ್ದು ಸರಾಗವಾಗಿ ಸಾಗುತ್ತಿತ್ತು: ನಾವು ಸೋತೆವು, ನೋಲನ್ ಊಟ ತಿಂಡಿ ಸರಿಯಾಗಿ ಮಾಡುತ್ತಿದ್ದಾನೆ, ಅವನಮ್ಮ ಶೆರಿಲ್ ಹೆಣೆದು ಕಳಿಸಿದ ಟೋಪಿ ಅವನಿಗೆ ತಲುಪಿದೆ. ಬಿಡಬೇಕೆಂದಿದ್ದ ಮಾತು ಇದು: ನಿನ್ನ ಮಗ ಈ ಅಮೆರಿಕನ್ ಫುಟ್‌ಬಾಲ್ ಆಡುವುದನ್ನು ನೋಡುವಾಗ ನನಗೆ ಭಯವಾಗುತ್ತದೆ. ಸೋಲಿನ ಭಯವಲ್ಲ.

ಮೊದಲು ಅಂಕಗಳ ವಿಷಯ ಹೇಳುತ್ತೇನೆ. ತಂಡ ನನಗೆ ಸಂಬಳ ಕೊಡುವುದೇ ಅದಕ್ಕಲ್ಲವೇ, ನಿನ್ನೆಯ ಆಟದ ಫಿಲ್ಮು ನೋಡಿ ಅವನು ಚೆಂಡು ಮುಟ್ಟಿದ ಪ್ರತಿ ಸರದಿಗೂ ಎಂದಿನಂತೆ ಪ್ಲಸ್, ಸೊನ್ನೆ, ಮೈನಸ್ ಹಾಕಿದೆ. ಮೈನಸ್‌ಗಳೇ ಹೆಚ್ಚು. ಚೆಂಡು ಹಂಚುವುದು, ಎಸೆಯುವುದು ಅವನ ಕೆಲಸ; ತನ್ನ ಕಡೆಯ ಓಟಗಾರನ ಹೊಟ್ಟೆಗೆ ಚೆಂಡು ಒತ್ತಿ ಕೊಡುವಾಗ ಎರಡು ಸಲ ಅದು ನೆಲಕ್ಕೆ ಬಿತ್ತು. ಹೈಸ್ಕೂಲ್ ಹುಡುಗರೂ ನಿದ್ದೆಗಣ್ಣಿನಲ್ಲಿ ಮಾಡುವ ಕೆಲಸ ಅದು. ಹತ್ತಿರದಲ್ಲೇ ನಿಂತವನಿಗೆ ಎಸೆದದ್ದು ಅವನ ಮೊಣಕಾಲಿನ ಕೆಳಗೆ ಹೋಯಿತು. ಆದರೆ ದೂರದ ಎಸೆತಗಳು ಮೊದಲಿನಷ್ಟೇ ಸುಂದರ. ನನಗೆ ಅರ್ಥವಾಗದಿರುವುದು ಇದೇ. ಹೆದರಿದ ಹೊಸಬ ದೂರದ್ದನ್ನು ಕೆಡಿಸುತ್ತಾನೆ. ಹತ್ತಿರದ್ದನ್ನಲ್ಲ.

ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಅದೇ ಫಿಲ್ಮಿಗೆ ಬೇರೆಯಾಗಿ ಅಂಕ ಹಾಕುವ ಆರ್ಲೊಗೆ ಇದರಲ್ಲಿ ಗೊಂದಲವೇ ಇಲ್ಲ. "ರೆಜಿನಾ, ನಿಮ್ಮ ಹುಡುಗನಿಗೆ ದೆವ್ವ ಕಾಣಿಸ್ತಾ ಇದೆ ಕಣಮ್ಮ. ಅವತ್ತು ಬಿದ್ದ ಏಟು ಇನ್ನೂ ಮೈಯಿಂದ ಇಳಿದಿಲ್ಲ. ಯಾರೂ ಇಲ್ದೇ ಇದ್ರೂ ಬೆಚ್ಚಿ ಬೀಳ್ತಾನೆ" ಎಂದ.

ಅವತ್ತು ಎಂದರೆ ಅಕ್ಟೋಬರ್ ಹದಿನಾರರ ಆಟ. ನೀನೂ ನೋಡಿದ್ದೀಯ. ಇಬ್ಬರು ಅವನ ಮೇಲೆ ಬಿದ್ದು ತಲೆಯ ಎಡಭಾಗ ನೆಲಕ್ಕೆ ಬಡಿಯಿತು. ಮೈದಾನದ ಅಂಚಿನ ಡೇರೆಗೆ ಕರೆದೊಯ್ದು ಪರೀಕ್ಷೆ ಮಾಡಿ ಮರಳಿ ಆಡಲು ಕಳಿಸಿದರು.

ಈಗ ಕೇಳು. ನಮಗೆ ಎರಡು ಫಿಲ್ಮು ಬರುತ್ತವೆ, ಒಂದು ಮೇಲಿನಿಂದ ತೆಗೆದದ್ದು, ಇನ್ನೊಂದು ಆಟಗಾರರ ಬೆನ್ನ ಹಿಂದಿನಿಂದ. ಹಿಂದಿನಿಂದ ನೋಡಿದಾಗ ಹೆಲ್ಮೆಟ್ಟಿನ ನಡುವೆ ಹಣೆಯಿಂದ ಕತ್ತಿನವರೆಗೆ ಓಡುವ ಹಳದಿ ಗೆರೆ ಕಾಣುತ್ತದೆಯಲ್ಲ, ಅದು ನೋಲನ್ ತಲೆಯ ಮೇಲೆ ನೆಟ್ಟಗಿಲ್ಲ. ಕಾಲೇಜಿನ ಫಿಲ್ಮು ತೆಗೆದು ನೋಡಿದೆ, ಆಗಸ್ಟಿನದನ್ನೂ ನೋಡಿದೆ. ತೂಗುಗುಂಡು ಇಳಿಬಿಟ್ಟಂತೆ ನೆಟ್ಟಗಿತ್ತು. ಆ ಏಟಿನ ನಂತರದ ಆಟಗಳಲ್ಲಿ ಪ್ರತಿ ಸರದಿಯಲ್ಲೂ ವಾಲಿದೆ.

ಚಿಕ್ಕಂದಿನಲ್ಲಿ ಅವನಿಗೆ ಹಾಗೆ ತಲೆ ವಾಲಿಸುವ ಅಭ್ಯಾಸವಿತ್ತೇ? ನನಗೆ ನೆನಪಿಲ್ಲ. ಇದು ಅಂಕ ಹಾಕುವವಳ ಕಣ್ಣೋ, ಸೋದರತ್ತೆಯ ಕಣ್ಣೋ ಎಂಬುದೂ ಗೊತ್ತಾಗುತ್ತಿಲ್ಲ. ಮನೆಯ ಹುಡುಗ ಎಂಬ ಮಾತು ಬಾರದಿರಲೆಂದು ಸೊನ್ನೆ ಹಾಕಬೇಕಾದಲ್ಲೂ ಅವನಿಗೆ ಮೈನಸ್ ಹಾಕುತ್ತಿದ್ದೇನೆ ಎಂಬ ಅನುಮಾನವೂ ಇದೆ.

ಫೋನ್ ಮಾಡಬಹುದಿತ್ತು. ಆದರೆ ನಿನ್ನ ಮಂದ ಕಿವಿಗೆ ಕೇಳುವಷ್ಟು ಕೂಗಿದರೆ ಬೈದಂತಾಗುತ್ತದೆ, ನೀನೂ ಕೂಗಿ ಉತ್ತರಿಸಿದರೆ ಜಗಳವಾಗುತ್ತದೆ. ಅಲ್ಲದೆ ಆಟದ ದಿನ ಆಟದ ಮಾತಾಡಬಾರದು, ಸೋಮವಾರ ಸ್ಟಾಂಪು ಹಚ್ಚಿ ಬರೆಯಬೇಕು ಎನ್ನುವುದು ಅಪ್ಪನ ಪದ್ಧತಿ. ಒಂದೇ ಮನೆಯಲ್ಲಿದ್ದರೂ ನಿನ್ನ ಹೈಸ್ಕೂಲ್ ಆಟಗಳ ಬಗ್ಗೆ ಅವರು ಅಂಚೆಯಲ್ಲೇ ಬೈಯುತ್ತಿದ್ದರು. ಆ ಲಕೋಟೆ ಬಂದ ದಿನ ನೀನು ಊಟ ಬಿಡುತ್ತಿದ್ದದ್ದು ನೆನಪಿದೆ.

ಉತ್ತರ ಬರೆ.

ನಿನ್ನ
ರೆಜಿನಾ


ಕಾರ್ಟರ್ ಕ್ರೀಕ್, ನೆಬ್ರಾಸ್ಕಾ
ಶನಿವಾರ, ನವೆಂಬರ್ 5

ರೆಜಿ,

ಪತ್ರ ಬಂತು. ನಿನಗೆ ಭಯ ಎಂದರೆ ನಗು ಬರುತ್ತದೆ. ಇಡೀ ಜೀವನ ಗಂಡಸರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದನ್ನು ಫಿಲ್ಮಿನಲ್ಲಿ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ನೋಡಿ ಸಂಬಳ ತೆಗೆದುಕೊಂಡವಳು ನೀನು.

ಹುಡುಗ ಹೊಸಬ. ಕಾಲೇಜು ಬಿಟ್ಟು ಆರು ತಿಂಗಳಾಗಿಲ್ಲ. ಇವನ ಜಾಗದಲ್ಲಿ ಮೊದಲು ಆಡುತ್ತಿದ್ದವನ ಭುಜ ಮುರಿಯಿತೆಂದು ಇವನನ್ನು ಒಳಗೆ ತಳ್ಳಿದರು. ಅಂಥವನು ಒಂದೆರಡು ಚೆಂಡು ಬೀಳಿಸಿದರೆ ಭೂಮಿ ಬಾಯಿ ಬಿಡುತ್ತದೆಯೇ? ಊರಲ್ಲೂ ಅದೇ ಕಥೆ. ಬೆಳಗ್ಗೆ ಕಾಫಿಗೆ ಹೋದರೆ ಮುದುಕ ಸ್ಟಾನ್ಲಿ, "ಏನಪ್ಪಾ ಲೂಮಿರ್, ನಿನ್ನ ಮಗ ಕೈಗೆ ಬೆಣ್ಣೆ ಸವರ್ಕೊಂಡು ಆಡ್ತಾನಾ?" ಎಂದ. "ನಿನ್ನ ಮಗ ದುಡ್ಡು ಕೊಟ್ಟು ಟಿಕೆಟ್ ತಗೊಂಡು ನೋಡ್ತಾನಲ್ಲ, ಅವನನ್ನೇ ಕೇಳು" ಎಂದೆ.

ತಲೆಯ ವಿಷಯ. ನಮ್ಮ ಅಪ್ಪನ ಕುತ್ತಿಗೆ ನೆನಪಿಲ್ಲವೇ ನಿನಗೆ? ವಾವ್ರಾ ಮನೆತನದಲ್ಲಿ ನೆಟ್ಟಗಿನ ಕುತ್ತಿಗೆ ಯಾರಿಗಿದೆ? ಹುಡುಗ ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿಕೊಂಡು ನಿಂತರೆ ಏನು ಮುಳುಗಿಹೋಯಿತು? ಚೆಂಡು ಎಲ್ಲಿಗೆ ಹೋಯಿತು ಎಂದು ನೋಡು, ತಲೆ ಎಲ್ಲಿಗೆ ಹೋಯಿತು ಎಂದಲ್ಲ.

ಶೆರಿಲ್ ಗಸಗಸೆ ತುಂಬಿದ ಸಿಹಿ ಬನ್ನು, ನಮ್ಮ ಕೊಲಾಚೆ, ಮಾಡಿ ಡಬ್ಬಿಯಲ್ಲಿ ಕಳಿಸಿದ್ದಾಳೆ. ಅರ್ಧ ನಿನಗೆ, ಅರ್ಧ ನೋಲನ್‌ಗೆ. ಎಲ್ಲವನ್ನೂ ನೀನೇ ತಿನ್ನಬೇಡ. ನಿನ್ನ ಪತ್ರವನ್ನು ಅವಳಿಗೆ ತೋರಿಸಲಿಲ್ಲ. ಸುಮ್ಮನೆ ಗಾಬರಿಯಾಗುತ್ತಾಳೆ.

ಅಂಗಡಿಯಲ್ಲಿ ಕೆಲಸ ಜಾಸ್ತಿ. ಕೊಯ್ಲು ಮುಗಿದ ಮೇಲೆ ಎಲ್ಲರಿಗೂ ಒಂದೇ ದಿನ ಟ್ರಾಕ್ಟರ್ ರಿಪೇರಿ ಆಗಬೇಕು.

ಲೂಮಿರ್


ಟೊಲಿಡೊ
ಸೋಮವಾರ, ನವೆಂಬರ್ 14

ಅಣ್ಣ,

ಕೊಲಾಚೆ ಹಂಚಿದ್ದೇನೆ, ನ್ಯಾಯವಾಗಿಯೇ.

ಕಳೆದ ವಾರ ಒಂದು ಪ್ರಹಸನ ನಡೆಯಿತು. ನೋಲನ್ ತಲೆ ವಾಲಿಸುವುದು ಈಗ ಅವನ ಕೋಚ್ ಕಣ್ಣಿಗೂ ಬಿದ್ದಿದೆ. ಹೆಲ್ಮೆಟ್ಟಿನೊಳಗಿನ ರೇಡಿಯೋದಲ್ಲಿ ತಾನು ಹೇಳುವುದು ಅವನಿಗೆ ಕೇಳಿಸುತ್ತಿಲ್ಲ, ಅದಕ್ಕೇ ಕಿವಿಯನ್ನು ಒತ್ತಿ ತಲೆ ವಾಲಿಸುತ್ತಾನೆ ಎಂದು ಅವರ ಲೆಕ್ಕ. ಸಾಮಾನಿನ ಕೋಣೆಯವರು ಸ್ಪೀಕರ್ ಬದಲಿಸಿದರು. ಮತ್ತೆ ವಾಲಿತು. ಹೆಲ್ಮೆಟ್ಟನ್ನೇ ಬದಲಿಸಿದರು. ಮತ್ತೆ ವಾಲಿತು. ಈಗ ಕ್ರೀಡಾಂಗಣದ ತಂತಿಗಳನ್ನು ಶಂಕಿಸುತ್ತಿದ್ದಾರೆ. ನೋಲನ್ ಎಲ್ಲದಕ್ಕೂ "ಹೌದು ಸರ್, ಈಗ ಚೆನ್ನಾಗಿ ಕೇಳಿಸ್ತಿದೆ ಸರ್" ಎನ್ನುತ್ತಾನೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಸ್ನಾನ ಮಾಡುವಾಗ ನಗು ನಿಂತಿತು. ಚೆಂಡು ಕೈಗೆ ಬರುವ ಮೊದಲೇ ಆ ರೇಡಿಯೋ ತಾನಾಗಿ ಬಂದ್ ಆಗುತ್ತದೆ, ಅದು ನಿಯಮ. ಬಂದ್ ಆದ ಮೇಲೂ, ಓಡುವಾಗಲೂ, ಎಸೆಯುವಾಗಲೂ ಅವನ ಗೆರೆ ವಾಲಿಯೇ ಇರುತ್ತದೆ. ಸದ್ದೇ ಇಲ್ಲದ ಹೊತ್ತಿನಲ್ಲಿ ಅವನು ಕೇಳುತ್ತಿರುವುದಾದರೂ ಏನನ್ನು?

ಗುರುವಾರ ಅವನು ಸಿಕ್ಕಿದ್ದು ಮೆಟ್ಟಿಲಿನಲ್ಲಿ. ನಾನು ಮೇಲೆ ಹತ್ತುತ್ತಿದ್ದೆ, ಅವನು ಇಳಿಯುತ್ತಿದ್ದ. ಇಪ್ಪತ್ಮೂರರ ಹುಡುಗ, ಕಂಬಿಯನ್ನು ಬಿಗಿಯಾಗಿ ಹಿಡಿದು, ಪ್ರತಿ ಮೆಟ್ಟಿಲಿನ ತುದಿಯನ್ನು ಪಾದದಿಂದ ತಡಕಿ, ನಮ್ಮ ಅಜ್ಜಿ ನೆಲಮಾಳಿಗೆಗೆ ಇಳಿಯುತ್ತಿದ್ದ ಹಾಗೆ ಇಳಿಯುತ್ತಿದ್ದ. ನನ್ನನ್ನು ಕಂಡು ಕಂಬಿ ಬಿಟ್ಟ.

"ಏನತ್ತೆ, ಮೆಟ್ಟಿಲು ಇಳಿಯೋದಕ್ಕೂ ಮಾರ್ಕ್ಸ್ ಹಾಕ್ತೀರಾ?"

"ಹಾಕ್ತೀನಿ. ಮೈನಸ್. ಕಾಲು ನೋವಾ?"

"ಮೊಣಕಾಲು ಸ್ವಲ್ಪ ಹಿಡ್ಕೊಂಡಿದೆ. ಅಪ್ಪಂಗೆ ಬರೀಬೇಡಿ ಮತ್ತೆ, ಟ್ರಾಕ್ಟರ್ ಎಣ್ಣೆ ಹಚ್ಕೋ ಅಂತಾರೆ."

ಇಬ್ಬರೂ ನಕ್ಕೆವು. ಅವನ ಮೊಣಕಾಲಿಗೆ ಏನೂ ಆಗಿಲ್ಲ, ಅಣ್ಣ. ಅವನು ಓಡುವುದನ್ನು ನಾನು ದಿನಕ್ಕೆ ಎಷ್ಟೋ ಗಂಟೆ ನೋಡುತ್ತೇನೆ.

ಡೇರೆಯ ಪರೀಕ್ಷೆಯಲ್ಲಿ ಪಾಸಾದನಲ್ಲ ಎಂದು ನೀನು ಹೇಳಬಹುದು. ತಲೆಗೆ ಏಟು ಬಿದ್ದರೆ ಹೋಲಿಸಿ ನೋಡಲೆಂದು ಆಗಸ್ಟಿನಲ್ಲೇ ಎಲ್ಲರಿಗೂ ನೆನಪಿನ ಪರೀಕ್ಷೆ ಇಡುತ್ತಾರೆ. ಅದನ್ನು ಬೇಕೆಂದೇ ಕೆಟ್ಟದಾಗಿ ಮಾಡುವುದು ಹುಡುಗರ ಪದ್ಧತಿ. ಆಗ ಏಟು ಬಿದ್ದ ಮೇಲೂ ಅಂಕ ಇಳಿದಂತೆ ಕಾಣುವುದಿಲ್ಲ. ಇದು ನಿನಗೂ ಗೊತ್ತು, ನನಗೂ ಗೊತ್ತು, ಪರೀಕ್ಷೆ ಇಡುವವರಿಗೂ ಗೊತ್ತು.

ಇನ್ನೊಂದು ಸಣ್ಣ ವಿಷಯ. ಗೆರೆ ವಾಲಿದೆ ಎಂದು ಬರೆದಿದ್ದೆ. ಬಲಕ್ಕೆ ಎಂದು ಬರೆದ ನೆನಪಿಲ್ಲ. ನೀನು ಬಲಕ್ಕೆ ಎಂದಿದ್ದೀಯ. ಹೌದು, ಬಲಕ್ಕೇ. ಬಹುಶಃ ನಾನೇ ಬರೆದು ಮರೆತಿರಬಹುದು.

ರೆಜಿನಾ


ಕಾರ್ಟರ್ ಕ್ರೀಕ್
ಶುಕ್ರವಾರ, ನವೆಂಬರ್ 18

ರೆಜಿ,

ಬಲಕ್ಕೆ ಎನ್ನುವುದನ್ನು ಟಿವಿಯಲ್ಲಿ ನೋಡಿದೆ. ನಮ್ಮ ಊರಲ್ಲೂ ಟಿವಿ ಇದೆ.

ನಿನ್ನ ಕೆಲಸ ಅಂಕ ಹಾಕುವುದು. ಹಾಕು. ಹುಡುಗನನ್ನು ಮೆಟ್ಟಿಲಿನಲ್ಲಿ ಕಾದು ಕೂತು ಹಿಡಿಯುವುದಲ್ಲ. ಅವನು ಏಳನೇ ವಯಸ್ಸಿನಿಂದ ಬೇರೆ ಏನನ್ನೂ ಕೇಳಿಲ್ಲ. ಈ ಬಾಗಿಲು ಒಂದು ಸಲ ತೆರೆಯುತ್ತದೆ. ಈಗ ಆಟ ಬಿಟ್ಟು ಕೂತನೆಂದರೆ ಭುಜ ಮುರಿದವನು ವಾಪಸ್ ಬರುತ್ತಾನೆ, ಇವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಕಾಲೇಜಿನಲ್ಲಿ ಆಡುತ್ತಿದ್ದ ನನ್ನ ಬಾಗಿಲು ಹೇಗೆ ಮುಚ್ಚಿತು ಎಂದು ನೀನು ಕಣ್ಣಾರೆ ಕಂಡವಳು.

ಅವನ ಮೇಲೆ ನಿನಗೆ ಪ್ರೀತಿ ಇದ್ದರೆ ಚೆಂಡು ನೋಡು.

ನಿನ್ನ ಕ್ಷೇಮ ಕೇಳಿದ್ದಾಗಿ ತಿಳಿಸಲು ಶೆರಿಲ್ ಹೇಳಿದಳು.

ಲೂಮಿರ್


ಟೊಲಿಡೊ
ಸೋಮವಾರ, ನವೆಂಬರ್ 21

ಅಣ್ಣ,

ನಿನ್ನ ಮಾತಿನಂತೆ ಚೆಂಡನ್ನೇ ನೋಡೋಣ ಎಂದುಕೊಂಡು ಇವತ್ತು ಫಿಲ್ಮಿನ ಮುಂದೆ ಕೂತೆ.

ಬಲಗೈಯಲ್ಲಿ ಎಸೆಯುವವನ ಬೆನ್ನು ಎಡಕ್ಕಿರುತ್ತದೆ. ಎಡಗಡೆಯಿಂದ ಬರುವವನು ಅವನಿಗೆ ಕಾಣುವುದಿಲ್ಲ. ಆದ್ದರಿಂದಲೇ ಎದುರಾಳಿಗಳು ತಮ್ಮ ಅತಿ ವೇಗದ ಆಳನ್ನು ಆ ಕಡೆಯಿಂದ ನುಗ್ಗಿಸುತ್ತಾರೆ. ಇದು ನೀನು ನನಗೆ ಕಲಿಸಿದ ಮೊದಲ ಪಾಠ. ನಿನ್ನೆ ಅವರು ಆ ಆಳನ್ನು ಬಲಗಡೆಗೆ ಕಳಿಸಿದರು. ನೋಲನ್ ಮುಖ ಇರುವ ಕಡೆಗೆ. ಒಂದು ಸಲವಲ್ಲ, ಆಟದ ಉದ್ದಕ್ಕೂ. ಬಗ್ಗಿ, ಸೊಂಟಕ್ಕಿಂತ ಕೆಳಗೆ ಬಂದ. ಪ್ರತಿ ಸಲವೂ ನೋಲನ್ ಅವನನ್ನು ನೋಡುತ್ತಲೇ ಏಟು ತಿಂದ. ನೋಲನ್ ತಪ್ಪಿಸಿಕೊಳ್ಳಲು ಹೆಜ್ಜೆ ಇಟ್ಟದ್ದು ಆ ಆಳು ಇಲ್ಲದ ಜಾಗದಿಂದ, ಅವನು ಅಲ್ಲೇ ಇದ್ದಾನೆ ಎಂಬಂತೆ.

"ಕಣ್ಣೆದುರಿಗೇ ಬರ್ತಾ ಇದಾನಲ್ಲಾ! ಇವನಿಗೇನು ರೋಗ?" ಎಂದು ಆರ್ಲೊ ಬೈದ.

ನಾನು ಫಿಲ್ಮು ನಿಲ್ಲಿಸಿದೆ. ಪೆನ್ಸಿಲನ್ನು ಪರದೆಯ ಮೇಲೆ ನೆಟ್ಟಗೆ ಹಿಡಿದು ಆ ಗೆರೆ ಎಷ್ಟು ವಾಲಿದೆ ಎಂದು ತೋರಿಸಿದೆ.

"ಆರ್ಲೊ, ಬೇರೆ ತಂಡದ ಹುಡುಗ ಹಿಂಗೆ ತಲೆ ವಾಲಿಸ್ಕೊಂಡು ಆಡೋದನ್ನ ನಾವು ನೋಡಿದ್ರೆ ಏನ್ ಮಾಡ್ತಿದ್ವಿ?"

"ಏನ್ ಮಾಡೋದು, ಮೇಲಿನವ್ರಿಗೆ ಹೇಳ್ತಿದ್ವಿ. ಕಣ್ಣಲ್ಲೋ ಕತ್ತಲ್ಲೋ ಏನೋ ಐಬಿದೆ, ಆ ಕಡೆಯಿಂದ್ಲೇ ನುಗ್ಸಿ, ತಗ್ಗಿ ಬನ್ನಿ ಅಂತ..." ಎಂದು ನಗುತ್ತಾ ಹೇಳುತ್ತಿದ್ದವನು ಅರ್ಧದಲ್ಲಿ ಬಾಯಿ ಮುಚ್ಚಿದ. "ಅಯ್ಯೋ ದೇವ್ರೇ, ರೆಜಿನಾ" ಎಂದ.

ಅವನು ಒಳ್ಳೆಯವನು. "ಹೇಳೋದಾದ್ರೆ ನೀನೇ ಹೇಳು. ನಾನು ಹೇಳಿದ್ರೆ ನಿನ್ನ ಬೆನ್ನಿಗೆ ಚೂರಿ ಹಾಕ್ದ ಹಾಗಾಗತ್ತೆ. ಆದ್ರೆ ನೀನೂ ಹೇಳ್ದೆ ನಾನೂ ಹೇಳ್ದೆ ಇದ್ರೆ..." ಎಂದು ಕಾಫಿ ತರಲು ಎದ್ದು ಹೋದ.

ನಾನು ಇಷ್ಟು ದಿನ ಬಾಯಿ ಮುಚ್ಚಿಕೊಂಡದ್ದರಿಂದ ವಿಷಯ ನಮ್ಮ ಮನೆಯೊಳಗೇ ಉಳಿದಿದೆ ಎಂದುಕೊಂಡಿದ್ದೆ. ಎಂಥ ಮೂರ್ಖತನ. ನಾನು ನೋಡುವ ಫಿಲ್ಮನ್ನೇ ಎದುರು ತಂಡದವರೂ ನೋಡುತ್ತಾರೆ. ನನ್ನಂಥವರೇ ಒಬ್ಬರು ಬೇರೊಂದು ಊರಿನಲ್ಲಿ ಪರದೆಗೆ ಪೆನ್ಸಿಲ್ ಹಿಡಿದಿದ್ದಾರೆ. ಅವರು ನೋಲನ್‌ನ ಅತ್ತೆಯಲ್ಲ.

ಈ ಭಾನುವಾರ ನಮಗೆ ಆಟವಿಲ್ಲ. ಮುಂದಿನದು ಡಿಸೆಂಬರ್ ನಾಲ್ಕಕ್ಕೆ. ಆ ತಂಡಕ್ಕೆ ಅವನ ಫಿಲ್ಮು ನೋಡಲು ಎರಡು ವಾರ ಸಿಕ್ಕಿದೆ.

ಬಳಸಿ ಕೇಳುವುದಿಲ್ಲ. ನೋಲನ್‌ಗೆ ಏನಾಗಿದೆ ಎಂದು ನಿನಗೆ ಗೊತ್ತೇ?

ರೆಜಿನಾ


ಕಾರ್ಟರ್ ಕ್ರೀಕ್
ಶನಿವಾರ, ನವೆಂಬರ್ 26

ರೆಜಿ,

ಗೊತ್ತು.

ಆ ಆಟದ ಮಾರನೆಯ ದಿನ ಫೋನ್ ಮಾಡಿದ್ದ. "ಅಪ್ಪಾ, ಕೆಳಗೆ ನೋಡಿದ್ರೆ ಮೈದಾನದ ಗೆರೆ ಎಲ್ಲಾ ಎರಡೆರಡು ಕಾಣ್ತಿದೆ" ಎಂದ. ನನಗೂ ಕಾಲೇಜಿನಲ್ಲಿ ಹಾಗೆ ಆಗಿತ್ತು. ನಿನಗೆ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ತಲೆಯನ್ನು ಒಂದು ಕಡೆ ವಾಲಿಸಿದರೆ ಎರಡು ಸೇರಿ ಒಂದಾಗುತ್ತದೆ. ನಾನಾಗಿಯೇ ಕಂಡುಕೊಂಡಿದ್ದೆ. ಅದನ್ನೇ ಅವನಿಗೆ ಹೇಳಿದೆ. ಎಡಕ್ಕೆ ವಾಲಿಸಿ ನೋಡು, ಬಲಕ್ಕೆ ವಾಲಿಸಿ ನೋಡು, ಯಾವುದರಲ್ಲಿ ಒಂದೇ ಕಾಣುತ್ತದೋ ಹಾಗೆ ಇಟ್ಟುಕೋ ಎಂದೆ. ಫೋನಿನಲ್ಲೇ ಪ್ರಯತ್ನಿಸಿ, "ಬಲಕ್ಕಪ್ಪಾ, ಬಲಕ್ಕೆ!" ಎಂದು ಕೂಗಿದ. ಇಬ್ಬರೂ ಖುಷಿಪಟ್ಟೆವು. ಯಾರಿಗೂ ಹೇಳಬೇಡ, ಆರು ವಾರದಲ್ಲಿ ತಾನಾಗಿ ಹೋಗುತ್ತದೆ ಎಂದೆ. ನನಗೆ ಹೋಗಿತ್ತು.

ಆ ಗೆರೆಯನ್ನು ವಾಲಿಸಿದ್ದು ನಾನು, ರೆಜಿ. ನಿನ್ನ ಮೊದಲ ಪತ್ರ ಓದಿದಾಗ ಇವಳೊಬ್ಬಳಿಗೆ ಕಂಡಿದೆ, ಇವಳನ್ನು ಗದರಿಸಿದರೆ ಆಯಿತು ಎಂದುಕೊಂಡೆ. ಎದುರಿನವರಿಗೂ ಕಾಣುತ್ತದೆ ಎಂದು ಹೊಳೆಯಲೇ ಇಲ್ಲ. ನಾನು ಆಡುವಾಗ ಯಾರು ಇಷ್ಟು ಫಿಲ್ಮು ನೋಡುತ್ತಿದ್ದರು?

ಇನ್ನೊಂದು ಹೇಳುತ್ತೇನೆ. ನಾನು ಈಗ ಅವನ ಆಟ ನೋಡುವುದಿಲ್ಲ. ಟಿವಿಯಲ್ಲಿ ನೋಡಿದೆ ಎಂದದ್ದು ಸುಳ್ಳು. ಅವನ ಕೈಗೆ ಚೆಂಡು ಬಂತು ಎಂದರೆ ಗ್ಯಾರೇಜಿಗೆ ಹೋಗಿಬಿಡುತ್ತೇನೆ. ಶೆರಿಲ್ ನನ್ನ ಕೇಳುವ ಕಿವಿಗೆ ಮುಟ್ಟುವಂತೆ ಒಳಗಿನಿಂದ ಕೂಗುತ್ತಾಳೆ, "ಎದ್ದ!" ಎಂದು. ಅವನು ಬಿದ್ದು ಎದ್ದ ಪ್ರತಿ ಸಲ. "ಎದ್ದ!" ಅಷ್ಟೇ. ಯಾರು ಗೆದ್ದರು ಎಂದು ನಾನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ. ಅವಳಿಗೆ ನಾನು ಏನೂ ಹೇಳಿಲ್ಲ, ಆದರೂ ಕೂಗುತ್ತಾಳೆ. ಕಳೆದ ಭಾನುವಾರ ಒಂದು ಸಲ ಕೂಗಲು ತಡಮಾಡಿದಳು. ನಾನು ಕೈಯಲ್ಲಿದ್ದ ಸ್ಪ್ಯಾನರ್ ಹಿಡಿದುಕೊಂಡೇ ನಿಂತಿದ್ದೆ. ಒಳಗೆ ಹೋಗಲಿಲ್ಲ.

ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ನಿನ್ನ ಮನೆಗೆ ಬಂದಿದ್ದನಂತೆ. ಆಮೇಲೆ ಫೋನ್ ಮಾಡಿದ. ಅತ್ತೆ ಏನೂ ಕೇಳಲಿಲ್ಲ, ಕಣ್ಣು ದಿನದಿಂದ ದಿನಕ್ಕೆ ಸುಧಾರಿಸುತ್ತಿದೆ, ಈಗ ಎರಡು ಕಾಣುವುದು ಅಪರೂಪ ಎಂದ. ಈ ವಾರ ವಿಶ್ರಾಂತಿಯೂ ಇದೆ. ಆದ್ದರಿಂದ ಕೇಳಿಕೊಳ್ಳುತ್ತೇನೆ, ಇನ್ನೊಂದೇ ಆಟ ಸುಮ್ಮನಿರು. ಹೋಗಿಬಿಡುತ್ತದೆ. ನಿನ್ನ ಕಾಲಿಗೆ ಬೀಳುತ್ತೇನೆ.

ಲೂಮಿರ್


ಟೊಲಿಡೊ
ಶುಕ್ರವಾರ, ಡಿಸೆಂಬರ್ 2

ಅಣ್ಣ,

ನಿನ್ನ ಪತ್ರ ನಿನ್ನೆ ಬಂತು. ನಿನ್ನ ಮೇಲೆ ಸಿಟ್ಟು ಬರಬಹುದೆಂದು ಕಾದೆ. ಬರಲಿಲ್ಲ. ಗ್ಯಾರೇಜು, ಶೆರಿಲ್‌ಳ ಕೂಗು, ಇವೆರಡೇ ತಲೆಯಲ್ಲಿ ತಿರುಗುತ್ತಿವೆ.

ನೋಲನ್ ನಿನಗೆ ಹೇಳಿದ್ದು ನಿಜವಲ್ಲ. ಹಬ್ಬದ ಗುರುವಾರ ನಾನು ಕೇಳಿದೆ.

ಮಧ್ಯಾಹ್ನ ನಾವಿಬ್ಬರೇ ಊಟಕ್ಕೆ ಕೂತಿದ್ದೆವು. ಟರ್ಕಿ ಕೋಳಿ ಒಣಗಿಹೋಗಿತ್ತು, ಅವನು ಹೊಗಳಿದ. ಮಾಂಸದ ಸಾರಿನ ಜಗ್ಗು ಎತ್ತಿ ತಟ್ಟೆಗೆ ಬಗ್ಗಿಸಿದ. ಸಾರು ತಟ್ಟೆಯ ಬಲಕ್ಕೆ ಮೇಜುಬಟ್ಟೆಯ ಮೇಲೆ ಬಿತ್ತು, ಒಂದೇ ಸಮನೆ, ಆರಾಮವಾಗಿ. ಅವನು ನನ್ನೊಡನೆ ಮಾತಾಡುತ್ತಲೇ ಇದ್ದ. ತೊಡೆಗೆ ಬಿಸಿ ತಗುಲಿದ ಮೇಲೆ ತಿಳಿಯಿತು.

"ಮೈನಸ್ ಹಾಕಿ ಅತ್ತೆ" ಎಂದು ನಗಲು ನೋಡಿದ.

"ನೋಲನ್, ಎಷ್ಟು ತಟ್ಟೆ ಕಾಣ್ತಿದೆ ನಿಂಗೆ?"

ಬಟ್ಟೆ ಒರೆಸುತ್ತಾ ಕೂತ. ಆಮೇಲೆ, "ಎರಡು" ಎಂದ. "ಎಡಗಣ್ಣು ಮುಚ್ಚಿದ್ರೆ ಒಂದೇ. ತೆಗೆದ್ರೆ ಎರಡು, ಒಂದರ ಕೆಳಗೊಂದು. ಮೊದಲು ತಲೆ ವಾಲಿಸಿದ್ರೆ ಸೇರ್ಕೊಳ್ತಿತ್ತು. ಹೋದ ಆಟದಿಂದ ಸೇರ್ತಿಲ್ಲ. ಕೆಳಗಿಂದು ಸುಳ್ಳು ಅಂತ ಅಭ್ಯಾಸ ಮಾಡ್ಕೊಂಡಿದ್ದೆ ಅತ್ತೆ. ಆದ್ರೆ ಅವರು ನುಗ್ಗಿ ಬರುವಾಗ ಯಾವುದು ಕೆಳಗಿಂದು ಅಂತ ನೋಡೋಕೆ ಟೈಮ್ ಇರಲ್ಲ. ಇಬ್ರು ಬರ್ತಾರೆ. ಒಬ್ಬ ಸುಳ್ಳು. ಯಾರು ಅಂತ ಗೊತ್ತಾಗಲ್ಲ."

"ಭಯ ಆಗಲ್ವೇನೋ?"

"ಆಗತ್ತೆ. ಅಪ್ಪಂಗೆ ಹೇಳ್ಬೇಡಿ. ವಾಸಿಯಾಗ್ತಿದೆ ಅಂತ ಹೇಳಿದೀನಿ. ಆರು ವಾರದಲ್ಲಿ ಹೋಗತ್ತೆ ಅಂತ ಅವ್ರು ನಂಬಿದಾರೆ, ಹೋಗ್ಲಿಲ್ಲ ಅಂದ್ರೆ ತಮ್ಮಿಂದ್ಲೇ ಆಯ್ತು ಅಂದ್ಕೋತಾರೆ. ಇನ್ನೊಂದು ಆಟ, ಅತ್ತೆ. ಪ್ಲೀಸ್."

ಇನ್ನೊಂದು ಆಟ ಎಂದು ನೀನೂ ಬರೆದಿದ್ದೀಯ. ನೀನು ಅವನ ಕನಸಿಗಾಗಿ ಸುಮ್ಮನಿದ್ದೀಯ. ಅವನು ನಿನ್ನ ಮನಸ್ಸಿಗಾಗಿ ಸುಮ್ಮನಿದ್ದಾನೆ. ನಾನು ಯಾರಿಗಾಗಿ ಎಂದು ಈ ವಾರವೆಲ್ಲ ಕೇಳಿಕೊಂಡೆ. ಬಹುಶಃ ನನಗಾಗಿಯೇ. ಹೇಳಿದರೆ ಅಣ್ಣನ ಮಗನ ಬದುಕು ಕೆಡಿಸಿದವಳು ಎಂದಾಗುತ್ತದೆ, ಇಷ್ಟು ದಿನ ನೋಡಿಯೂ ಹೇಳದವಳು ಎಂದೂ ಆಗುತ್ತದೆ. ಎರಡೂ ನಿಜವೇ.

ಈ ವಾರ ಅವನ ಹಳೆಯ ಆಟಗಳಿಗೆ ಮತ್ತೆ ಅಂಕ ಹಾಕಿ ನೋಡಿದೆ. ಹಾಕಲಾಗಲಿಲ್ಲ. ಒಂದಕ್ಕೆ ಎರಡಾಗಿ ಕಾಣುವ ಚೆಂಡು, ಕೈ, ಎದುರಾಳಿಗಳ ನಡುವೆ ನಿಂತು ಅವನು ಎಸೆದದ್ದರಲ್ಲಿ ಅರ್ಧದಷ್ಟಾದರೂ ಸರಿಯಾದ ಜಾಗಕ್ಕೆ ಹೋಗಿದೆ. ಹೆದರಿದ್ದಾನೆ ಎಂದು ಮೈನಸ್ ಹಾಕಿದ್ದೆ. ಅದಕ್ಕೆ ಈಗ ಯಾವ ಚಿಹ್ನೆ ಹಾಕಬೇಕೋ ಗೊತ್ತಿಲ್ಲ.

ನಾಳೆ ಬೆಳಗ್ಗೆ ಅಭ್ಯಾಸಕ್ಕೆ ಮುಂಚೆ ತಂಡದ ಡಾಕ್ಟರ್ ಪೆಟ್ರಿ ಅವರ ಕೋಣೆಗೆ ಹೋಗುತ್ತೇನೆ. ನೋಲನ್‌ಗೆ ಇವತ್ತು ಸಂಜೆಯೇ ಹೇಳುತ್ತೇನೆ, ಬೆನ್ನ ಹಿಂದೆ ಮಾಡುವುದಿಲ್ಲ. ಅವನು ನನ್ನನ್ನು ಅತ್ತೆ ಎಂದು ಕರೆಯುವುದು ಇದೇ ಕೊನೆಯ ಸಲವಾಗಬಹುದು. ಆರ್ಲೊ ಫಿಲ್ಮು ಹಿಡಿದು ಜೊತೆಗೆ ಬರುತ್ತೇನೆ ಎಂದಿದ್ದಾನೆ. ಕಣ್ಣಿನದೋ, ನರದ್ದೋ, ಮಿದುಳಿನೊಳಗೆ ಇನ್ನೇನೋ, ಅದನ್ನು ಹೇಳಬೇಕಾದವರು ಡಾಕ್ಟರು, ನೀನಲ್ಲ, ನಾನಲ್ಲ. ಅವರು ಏನು ಹೇಳುತ್ತಾರೋ ಎಂಬ ಭಯ ಬೇರೆ. ಆ ಭಯ ಆಮೇಲೆ ಪಡೋಣ.

ನನಗೆ ಧೈರ್ಯ ಬಂದಿದೆ ಎಂದು ತಿಳಿಯಬೇಡ. ಆ ಕೋಣೆಯ ಬಾಗಿಲಿನಿಂದಲೇ ತಿರುಗಿ ಬಂದುಬಿಡುತ್ತೇನೇನೋ ಎಂದು ಈಗಲೂ ಅನ್ನಿಸುತ್ತಿದೆ. ಹಾಗೆ ಬಂದರೆ ಈ ಕಾಗದ ಹರಿದು ಒಲೆಗೆ ಹೋಗುತ್ತದೆ. ಇದು ನಿನ್ನ ಕೈಯಲ್ಲಿದೆ ಎಂದರೆ ನಾನು ಒಳಗೆ ಹೋಗಿದ್ದೆ ಎಂದು ಅರ್ಥ.

ಆದರೆ ಅದಕ್ಕೂ ಮೊದಲೇ ನಿನಗೆ ತಿಳಿದಿರುತ್ತದೆ. ಭಾನುವಾರ ಮಧ್ಯಾಹ್ನ ನೀನು ಗ್ಯಾರೇಜಿನಲ್ಲಿ ಕಾಯುತ್ತಿರುತ್ತೀಯ, ಒಳಗಿನಿಂದ ಶೆರಿಲ್ ಕೂಗುವುದಿಲ್ಲ. ಆಗ ಎದೆ ಒಡೆದುಕೊಳ್ಳಬೇಡ, ಅಣ್ಣ. ಒಳಗೆ ಹೋಗಿ ನೋಡು. ಬೇರೆ ಯಾರೋ ಹುಡುಗ ಚೆಂಡು ಹಿಡಿದಿರುತ್ತಾನೆ. ನೋಲನ್ ಮೈದಾನದ ಅಂಚಿನಲ್ಲಿ ಹೆಲ್ಮೆಟ್ ಇಲ್ಲದೆ ನಿಂತಿರುತ್ತಾನೆ, ಶೆರಿಲ್ ಹೆಣೆದ ಟೋಪಿ ಹಾಕಿಕೊಂಡು. ಬೀಳದವನು ಏಳಬೇಕಾಗಿಲ್ಲ. ಅದಕ್ಕೇ ಅವಳು ಕೂಗಲಿಲ್ಲ. ಅವಳಿಗೆ ಅವತ್ತೇ ಎಲ್ಲ ಹೇಳು, ನನ್ನನ್ನು ಬೈಯುವುದಿದ್ದರೆ ಆಮೇಲೆ ಬರೆ.

ಆಟದ ದಿನ ಆಟದ ಮಾತು ಬೇಡ ಎಂದಿದ್ದರಲ್ಲ ಅಪ್ಪ. ಇದನ್ನು ಡಿಸೆಂಬರ್ ಐದು, ಸೋಮವಾರ ಅಂಚೆಗೆ ಹಾಕುತ್ತೇನೆ.